ಕ್ಲೇಗೆ ಕಾವು ಕೊಡುವ ಪೆಟ್ಟಿಗೆ

ಕಾರಿನ ಮಾದರಿ ಮಾಡುವವರು ಬಳಸುವ ಕಂದು ಬಣ್ಣದ ಕ್ಲೇ ಇದೆಯಲ್ಲ, ಅದನ್ನು ಮೊದಲ ಸಲ ಕೈಗೆ ತೆಗೆದುಕೊಂಡಾಗ ಮೋಸ ಹೋದೆ ಅನಿಸಿತ್ತು. ಒಣಗಿದ ಸೋಪಿನ ಹಾಗಿತ್ತು. ಉಗುರು ಊರಿದರೆ ಒಂದು ಗೆರೆ ಮೂಡಿತು, ಅಷ್ಟೇ. ಹೇರ್ ಡ್ರೈಯರ್ ಹಿಡಿದೆ. ಐದು ನಿಮಿಷಕ್ಕೆ ಮೇಲೆಲ್ಲ ಜಿಡ್ಡಾಗಿ ಬೆರಳಿಗೆ ಮೆತ್ತಿಕೊಂಡಿತು. ಚಾಕು ಹಾಕಿ ಕೊಯ್ದು ನೋಡಿದರೆ ಒಳಗೆ ಅದೇ ಕಲ್ಲು.

ಇದು ನೀರು ಹಾಕಿ ಕಲಸಿದ ಮಣ್ಣಲ್ಲ. ಮೇಣ, ಎಣ್ಣೆ ಮತ್ತು ನುಣ್ಣನೆಯ ಪುಡಿಯ ಮಿಶ್ರಣ. ಮಕ್ಕಳು ಆಡುವ ಪ್ಲಾಸ್ಟಿಸಿನ್‌ಗೆ ಹತ್ತಿರದ ನೆಂಟ. ಆ ಪ್ಲಾಸ್ಟಿಸಿನ್ ಅನ್ನು 1897ರಲ್ಲಿ ಇಂಗ್ಲೆಂಡಿನ ಬಾತ್ ಊರಿನ ಕಲಾ ಶಿಕ್ಷಕ ವಿಲಿಯಂ ಹಾರ್ಬಟ್ ತಯಾರಿಸಿದ್ದು, ವಿದ್ಯಾರ್ಥಿಗಳಿಗೆ ಒಣಗದ ಜೇಡಿ ಬೇಕು ಅಂತ. ನೀರೇ ಇಲ್ಲದ ಮೇಲೆ ಒಣಗುವುದೆಲ್ಲಿ ಬಂತು, ಅಲ್ವಾ? ಕಾರಿನ ಕ್ಲೇಯಲ್ಲಿ ಮೇಣದ ಪಾಲಿನಿಂದಾಗಿ ತಣ್ಣಗಿರುವಾಗ ಗಟ್ಟಿ, ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಬೆಣ್ಣೆ. ತಯಾರಕರು ಪ್ಯಾಕೆಟ್ ಮೇಲೆ ಬರೆದ ಅಂಕಿಯನ್ನೇ ನಂಬಿ. ಇನ್ನೂ ಮೇಲೆ ಹೋದರೆ ಎಣ್ಣೆ ಬಿಡಲು ಶುರುವಾಗುತ್ತದೆ. (ಸುಟ್ಟು ಗಟ್ಟಿ ಮಾಡುವ ಪಾಲಿಮರ್ ಕ್ಲೇ ಬೇರೆ ಜಾತಿ. ಅದಕ್ಕೆ ಈ ಪೆಟ್ಟಿಗೆ ಅಲ್ಲ.)

ಅಡುಗೆಮನೆಯ ಓವನ್ ಸಾಲದೇ? ಕೇಕ್ ಬೇಯಿಸಲು ಮಾಡಿದ ಯಂತ್ರಕ್ಕೆ 55 ಡಿಗ್ರಿಯಲ್ಲಿ ಸುಮ್ನೆ ಕೂರುವುದು ಕಷ್ಟ. ಅದೂ ಅಲ್ಲದೆ ಕೆಲವು ಕ್ಲೇಗಳಲ್ಲಿ ಗಂಧಕ ಇರುತ್ತದೆ. ಊಟ ಬೇಯುವ ಜಾಗದಲ್ಲಿ ಆ ವಾಸನೆ ಬೇಡ.

ಸಾಕಾಗುವುದು ಒಂದು 100 ವ್ಯಾಟ್ ಬಲ್ಬ್. ಎಲ್‌ಇಡಿ ಅಲ್ಲ, ಒಳಗೆ ಟಂಗ್‌ಸ್ಟನ್ ತಂತಿ ಕಾಯ್ದು ಉರಿಯುವ ಹಳೆಯ ಬುರುಡೆ ಬಲ್ಬ್. ಬೆಳಕು ಕೊಡುವ ಕೆಲಸಕ್ಕೆ ಅದು ದಂಡ, ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಂತೂ ಆ ಚೂರು ಬೆಳಕೂ ಗೋಡೆಗೆ ಬಡಿದು ಕೊನೆಗೆ ಶಾಖವೇ ಆಗುತ್ತದೆ. 1963ರಲ್ಲಿ ಅಮೆರಿಕದಲ್ಲಿ ಬಂದ ಈಜಿ-ಬೇಕ್ ಎಂಬ ಆಟಿಕೆ ಓವನ್ ಎರಡು 100 ವ್ಯಾಟ್ ಬಲ್ಬುಗಳಿಂದಲೇ ಪುಟ್ಟ ಕೇಕ್ ಬೇಯಿಸುತ್ತಿತ್ತು. ಈಗ ಬುರುಡೆ ಬಲ್ಬ್ ಸಿಗದ ಕಡೆ, ಹಲ್ಲಿ-ಆಮೆ ಸಾಕುವವರು ಬಳಸುವ ಸೆರಾಮಿಕ್ ಹೀಟರ್ ಆಗುತ್ತದೆ, ಅದು ಸಾಮಾನ್ಯವಾಗಿ ತಿರುಪಿನ ಹೋಲ್ಡರಿಗೆ ಕೂರುತ್ತದೆ.

ನಿಜವಾದ ಕೆಲಸ ಪೆಟ್ಟಿಗೆಯದು. ಪ್ರತಿ ಬದಿ 40 ಸೆಂಟಿಮೀಟರ್ ಇರುವ ಪೆಟ್ಟಿಗೆ ಅಂದುಕೊಳ್ಳಿ. ಹೊರಗೆ 25 ಡಿಗ್ರಿ, ಒಳಗೆ 55. ಬರೀ ರಟ್ಟಿನ ಗೋಡೆಯಾದರೆ ಸೋರಿಹೋಗುವ ಶಾಖ ಹೆಚ್ಚುಕಡಿಮೆ 100 ವ್ಯಾಟ್. ಬಲ್ಬ್ ದುಡಿದದ್ದೆಲ್ಲ ಗೋಡೆಗೇ ಸಂದಾಯ! ಎರಡೂವರೆ ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಹೊದಿಸಿದರೆ ಸೋರಿಕೆ 35 ವ್ಯಾಟ್ ಆಸುಪಾಸಿಗೆ ಇಳಿಯುತ್ತದೆ. ಮಿಕ್ಕಿದ್ದು ಕ್ಲೇಗೆ. ದೊಡ್ಡ ಬಲ್ಬಿಗಿಂತ ದಪ್ಪ ಗೋಡೆ ಮೇಲು ಅಂತ ನಾನು ಹೇಳುವುದು ಇದಕ್ಕೇ.

ಆದರೆ ಥರ್ಮೋಕೋಲ್ ಒಳಗೆ ಬೇಡ. ನಾನು ಹಾಗೆ ಮಾಡಿ, ಬಲ್ಬಿನ ಎದುರಿನ ಗೋಡೆ ಬಾಣಲೆಗೆ ಬಿದ್ದ ಹಪ್ಪಳದಂತೆ ಮುರುಟಿ ಗುಂಡಿ ಬಿದ್ದಿತ್ತು. ಒಳಗೆ ಪ್ಲೈವುಡ್, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್, ಥರ್ಮೋಕೋಲ್ ಏನಿದ್ದರೂ ಹೊರಗೆ. ಪಿಂಗಾಣಿ ಹೋಲ್ಡರ್ ಹಾಕಿ, ಫಾಯಿಲ್ ಅದರ ತಂತಿಗೆ ತಾಗದಂತೆ ಬಿಡಿಸಿಡಿ, ಏಕೆಂದರೆ ಫಾಯಿಲಿಗೂ ಕರೆಂಟ್ ಹರಿಯುತ್ತದೆ. ಬಲ್ಬ್ ಕೆಳಗೆ, ಮೇಲೊಂದು ತಗಡಿನ ಮರೆ, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ತಟ್ಟೆಯಲ್ಲಿ ಕ್ಲೇ. ಎಣ್ಣೆ ಬಲ್ಬಿನ ಮೇಲೆ ತೊಟ್ಟಿಕ್ಕಬಾರದು.

ಇನ್ನು ಬಿಸಿ ನೋಡಿಕೊಂಡು ಬಲ್ಬ್ ಆರಿಸಿ ಹಚ್ಚುವ ಥರ್ಮೋಸ್ಟಾಟ್. ಇದಿಲ್ಲದಿದ್ದರೆ ಬಿಸಿ ಏರುತ್ತಲೇ ಹೋಗುತ್ತದೆ. 56ಕ್ಕೆ ಬಲ್ಬ್ ಆರಿಸಿ, 53ಕ್ಕೆ ಇಳಿದಾಗ ಹಚ್ಚುವಂತೆ ಇಡಿ. ಈ ಮೂರು ಡಿಗ್ರಿ ಅಂತರ ಇಲ್ಲದಿದ್ದರೆ ಅದರೊಳಗಿನ ಸ್ವಿಚ್ಚು, ಅಂದರೆ ರಿಲೇ, ಟಕಟಕ ಅಂತ ಬಡಿದುಕೊಂಡೇ ಸವೆಯುತ್ತದೆ. ಸೆನ್ಸರ್ ಕ್ಲೇ ಪಕ್ಕದಲ್ಲಿರಲಿ, ಬಲ್ಬಿನ ನೇರ ದೃಷ್ಟಿಗೆ ಬೀಳದಂತೆ. ಬಿಸಿಲಲ್ಲಿ ನಿಂತವನಿಗೆ ಗಾಳಿಗಿಂತ ಜಾಸ್ತಿ ಸೆಕೆ ಆಗುವ ಹಾಗೆ, ಅದೂ ತಪ್ಪು ಲೆಕ್ಕ ಕೊಡುತ್ತದೆ. ಥರ್ಮೋಸ್ಟಾಟ್ ಕೈಕೊಟ್ಟರೆ ಅಂತ 80 ಡಿಗ್ರಿ ಒಳಗೇ ಕಡಿದುಹೋಗುವ ಥರ್ಮಲ್ ಫ್ಯೂಸ್ ಒಂದನ್ನು ಒಳಗಿಟ್ಟು, ಬಲ್ಬಿಗೆ ಹೋಗುವ ಕರೆಂಟ್ ಅದರ ಮೂಲಕವೇ ಹಾಯುವಂತೆ ಸೇರಿಸಿ. ಅಷ್ಟಾದರೂ ಪೆಟ್ಟಿಗೆ ಹಚ್ಚಿಟ್ಟು ಮನೆ ಬಿಟ್ಟು ಹೋಗಬೇಡಿ.

ಉಳಿದದ್ದು ಕಾಯುವುದು. ಗಾಳಿ 55 ಮುಟ್ಟಿತು ಅಂದರೆ ಕ್ಲೇ ಮುಟ್ಟಿತು ಅಂತಲ್ಲ, ಶಾಖ ಅದರೊಳಗೆ ನಿಧಾನವಾಗಿ ಇಳಿಯುತ್ತದೆ. ತುಂಡಿನ ದಪ್ಪ ಎರಡರಷ್ಟಾದರೆ ಸಮಯ ಎರಡರಷ್ಟಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಹೆಬ್ಬೆರಳಿನ ದಪ್ಪಕ್ಕೆ ಕೊಯ್ದು, ನಡುವೆ ಗಾಳಿಗೆ ಸಂದು ಬಿಟ್ಟು ಜೋಡಿಸುತ್ತೇನೆ. ಎರಡು ಗಂಟೆ ಬಿಟ್ಟು ಒಂದು ತುಂಡು ತೆಗೆದು ಚಾಕು ಹಾಕಿದರೆ, ಮೇಲಿನಿಂದ ಕೆಳಗಿನವರೆಗೂ ಒಂದೇ ಸಮನೆ ಇಳಿಯುತ್ತದೆ.