ಒಟ್ಟು ಪೇಸ್: ನಿಂತ ಹೊತ್ತೂ ಸೇರುವ ಲೆಕ್ಕ

ಹೋದ ವರ್ಷ ಬೆಂಗಳೂರಿನ ಒಂದು 12 ಗಂಟೆ ಓಟಕ್ಕೆ ಹೊರಟಾಗ ತೀರ್ಥಹಳ್ಳಿಯ ನಮ್ಮ ಭಾವ ಕೇಳಿದ್ದರು, "ಎಷ್ಟು ಕಿಲೋಮೀಟರ್ ಮಾರಾಯಾ ಅದು?" ಉತ್ತರ ನನ್ನ ಹತ್ತಿರ ಇರಲಿಲ್ಲ, ಓಟ ನಡೆಸುವವರ ಹತ್ತಿರವೂ ಇರಲ್ಲ.

ಮ್ಯಾರಥಾನ್ ಆದರೆ ದೂರ ಮೊದಲೇ ಗೊತ್ತು, 42.195 ಕಿ.ಮೀ., ಎಷ್ಟು ಹೊತ್ತಿಗೆ ಮುಗಿಸಿದಿರಿ ಅನ್ನುವುದೇ ಪ್ರಶ್ನೆ. ಮ್ಯಾರಥಾನ್‌ಗಿಂತ ಉದ್ದದ ಓಟಕ್ಕೆ ಅಲ್ಟ್ರಾ ಅನ್ನುತ್ತಾರೆ, ಗಂಟೆ ಲೆಕ್ಕದ ಅಲ್ಟ್ರಾದಲ್ಲಿ ಇದು ಉಲ್ಟಾ. 6, 12, 24 ಗಂಟೆ, ಕೆಲವು ಕಡೆ 6 ದಿನವೂ ಉಂಟು. ಹೊತ್ತು ನಿಗದಿ, ದೂರ ನಿಮಗೆ ಬಿಟ್ಟಿದ್ದು. ಓಡಿ, ನಡೆಯಿರಿ, ಚೇರ್ ಹಾಕಿಕೊಂಡು ಮೊಸರನ್ನ ತಿನ್ನಿ, ಯಾರೂ ಬೈಯಲ್ಲ. ಗಡಿಯಾರ ಮಾತ್ರ ನಿಲ್ಲುವುದಿಲ್ಲ.

ಪೇಸ್ ಅಂದರೆ ಒಂದು ಕಿಲೋಮೀಟರಿಗೆ ಹಿಡಿಯುವ ನಿಮಿಷ, ಇದು ಓಡುವವರಿಗೆಲ್ಲ ಗೊತ್ತು. ಒಟ್ಟು ಪೇಸ್ ಬೇರೆ. ಶುರುವಾದ ಕ್ಷಣದಿಂದ ಹೊತ್ತು ಮುಗಿಯಿತು ಅಂತ ಹಾರ್ನ್ ಊದುವ ತನಕದ ಅಷ್ಟೂ ನಿಮಿಷವನ್ನು ದೂರದಿಂದ ಭಾಗಿಸಿದರೆ ಬರುವುದು ಅದು. ನೀರು ಕುಡಿದದ್ದು, ಶೂ ಲೇಸ್ ಕಟ್ಟಿದ್ದು, ಟಾಯ್ಲೆಟ್ ಕ್ಯೂ, ಎಲ್ಲ ಅದರೊಳಗೆ. 2022ರಲ್ಲಿ ಇಟಲಿಯ ವೆರೋನಾದಲ್ಲಿ ಲಿಥುವೇನಿಯಾದ ಅಲೆಕ್ಸಾಂಡರ್ ಸೊರೊಕಿನ್ 24 ಗಂಟೆಯಲ್ಲಿ 319.614 ಕಿ.ಮೀ. ಓಡಿ ವಿಶ್ವ ದಾಖಲೆ ಮಾಡಿದರು. ಒಟ್ಟು ಪೇಸ್ ಸುಮಾರು 4:30, ಅಂದರೆ ಕಿಲೋಮೀಟರಿಗೆ 4 ನಿಮಿಷ 30 ಸೆಕೆಂಡ್. ನಾನು ಆ ಪೇಸ್‌ನಲ್ಲಿ ಎರಡು ಕಿಲೋಮೀಟರ್ ಓಡಿದರೆ ಮನೆಯವರು ಬಂದು ಎತ್ತಿಕೊಂಡು ಹೋಗಬೇಕು.

ಈಗ ನಮ್ಮಂಥವರ ಲೆಕ್ಕ. ನನ್ನ ಗುರಿ 12 ಗಂಟೆಗೆ 80 ಕಿ.ಮೀ. ಇತ್ತು, ಅಂದರೆ ಶಿವಮೊಗ್ಗದಿಂದ ಸಾಗರಕ್ಕೆ ಹೋಗಿ ಇನ್ನೂ ಸ್ವಲ್ಪ ಮುಂದೆ. 720 ನಿಮಿಷ ಭಾಗಿಸು 80, ಒಟ್ಟು ಪೇಸ್ 9:00. 400 ಮೀಟರ್ ಟ್ರ್ಯಾಕ್‌ನಲ್ಲಿ 200 ಸುತ್ತು, ಸುತ್ತಿಗೆ 3 ನಿಮಿಷ 36 ಸೆಕೆಂಡ್. ಐದು ಸುತ್ತು ಓಟ, ಒಂದು ಸುತ್ತು ನಡಿಗೆ ಅಂತ ಇಟ್ಟುಕೊಂಡೆ. ಓಟದ ಸುತ್ತು 3:00, ನಡಿಗೆಯದು 4:48. ಸರಾಸರಿ ಸುತ್ತಿಗೆ 3:18 ಬರುತ್ತದೆ, ಕಿಲೋಮೀಟರಿಗೆ 8:15. ಸುತ್ತಿಗೆ 18 ಸೆಕೆಂಡ್ ಉಳಿಯಿತು ಅಲ್ವಾ? 200 ಸುತ್ತಿಗೆ ಸರಿಯಾಗಿ ಒಂದು ಗಂಟೆ. ನಿಲ್ಲಲು ನನಗಿದ್ದ ಬಂಡವಾಳ ಅಷ್ಟೇ, ಗಂಟೆಗೆ ಐದೇ ನಿಮಿಷ.

ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ನನ್ನ ವಾಚಲ್ಲಿ ಆಟೋ ಪಾಜ್ ಅಂತ ಒಂದು ಸೌಲಭ್ಯ ಆನ್ ಇತ್ತು, ನಿಂತ ತಕ್ಷಣ ಅದೂ ಲೆಕ್ಕ ನಿಲ್ಲಿಸುತ್ತದೆ. ಹಾಗಾಗಿ ದಿನವಿಡೀ ಅದು ತೋರಿಸಿದ್ದು ನಾನು ಚಲಿಸಿದ ಹೊತ್ತಿನ ಪೇಸ್ ಮಾತ್ರ, ಕೊನೆಗೆ ನೋಡಿದಾಗಲೂ 8:40, ಪರವಾಗಿಲ್ಲ ಅನ್ನುವ ಹಾಗೆ. ಹಾರ್ನ್ ಊದಿದಾಗ ಆಗಿದ್ದು 179 ಸುತ್ತು. ಮೇಲೆ ಅರ್ಧಕ್ಕೆ ನಿಂತ ಸುತ್ತಿನದು 270 ಮೀಟರ್. ನಂಬರ್ ಬರೆದ ಒಂದು ಪುಟ್ಟ ಚೀಲವನ್ನು ಕೊನೆಯ ಸುತ್ತಿಗೆ ಕೈಗೆ ಕೊಟ್ಟಿರುತ್ತಾರೆ, ಹಾರ್ನ್ ಆದ ಜಾಗದಲ್ಲೇ ಅದನ್ನು ಇಟ್ಟುಬಿಡಬೇಕು, ಆಮೇಲೆ ಚಕ್ರ ಉರುಳಿಸಿ ಅಳೆಯುತ್ತಾರೆ. ಒಟ್ಟು 71.87 ಕಿ.ಮೀ., ಒಟ್ಟು ಪೇಸ್ 10:01. ಮನೆಗೆ ಬಂದು ಕೂಡಿ ಕಳೆದರೆ ನಾನು ನಿಂತಿದ್ದೇ 97 ನಿಮಿಷ! ಒಂದೇ ಸಲಕ್ಕಲ್ಲ. ಚೇರಿನಲ್ಲಿ ಎಂಟು ನಿಮಿಷ, ಸಾಕ್ಸ್ ಬದಲಾಯಿಸಲು ಆರು, ಪರಿಚಯದವರ ಹತ್ತಿರ ಸುಮ್ನೆ ಮಾತು.

ಭಾವನಿಗೆ ಇದನ್ನು ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅಡಿಕೆ ಸುಲಿಯುವವರನ್ನು ನೋಡು ಅಂದರು. ಕೈ ಚುರುಕಿದ್ದವರದೇ ಡಬ್ಬ ಜಾಸ್ತಿ ತುಂಬುತ್ತದೆ ಅಂತಿಲ್ಲ, ರಾತ್ರಿ ಎಷ್ಟು ಸಲ ಕವಳ ಹಾಕಲು ಏಳುತ್ತಾರೆ ಅದನ್ನೂ ನೋಡಬೇಕು.

ಇದು ಗೊತ್ತಾದ ಮೇಲೆ ನಾನು ತಿನ್ನುವುದನ್ನೆಲ್ಲ ನಡಿಗೆಯ ಸುತ್ತಿಗೆ ಹಾಕಿದ್ದೇನೆ. ಬಾಳೆಹಣ್ಣು, ಉಪ್ಪು ಹಾಕಿದ ಗಂಜಿ ಲೋಟದಲ್ಲಿ, ನಡೆಯುತ್ತಲೇ. ಐದು ನಿಮಿಷ ಕೂತರೆ ಸೊನ್ನೆ ಮೀಟರ್, ಕಾಲೆಳೆದುಕೊಂಡು ನಡೆದರೂ 400 ಮೀಟರ್. ಇನ್ನೊಂದು, ಎರಡನೇ ಲೇನ್‌ನಲ್ಲಿ ಹರಟೆ ಹೊಡೆಯುತ್ತ ಹೋಗಬೇಡಿ. ಅಲ್ಲಿ ಒಂದು ಸುತ್ತು ಸುಮಾರು ಏಳೂವರೆ ಮೀಟರ್ ಜಾಸ್ತಿ ಉದ್ದ, ಆದರೆ ಲೆಕ್ಕಕ್ಕೆ ಹಿಡಿಯುವುದು 400 ಮಾತ್ರ. 200 ಸುತ್ತಿಗೆ ಒಂದೂವರೆ ಕಿಲೋಮೀಟರ್ ಪುಕ್ಕಟೆ ಓಡಿದ ಹಾಗೆ.

ಗುರಿ ಇಟ್ಟುಕೊಳ್ಳುವ ಮೊದಲು ನಿಮ್ಮ ಒಟ್ಟು ಪೇಸ್ ಎಷ್ಟು ಅಂತ ಸಪಾಟು ಜಾಗದಲ್ಲಿ ಅಳೆಯಬೇಕು. ಆಗುಂಬೆ ಘಾಟಿ ಹತ್ತಿದ ಪೇಸ್ ಇಲ್ಲಿ ಕೆಲಸಕ್ಕೆ ಬರಲ್ಲ. ಹೋದ ಭಾನುವಾರ ನೆಹರು ಸ್ಟೇಡಿಯಂನಲ್ಲಿ ಆಟೋ ಪಾಜ್ ಆಫ್ ಮಾಡಿ, ತಿಂದು, ಕುಡಿದು 3 ಗಂಟೆ ಓಡಿದೆ. 52 ಸುತ್ತು, 20.8 ಕಿ.ಮೀ. ನಾಲ್ಕರಿಂದ ಗುಣಿಸಿದರೆ 83 ಬರುತ್ತದೆ, ಆಸೆಯೂ ಆಗುತ್ತದೆ. ಆದರೆ ಏಳೆಂಟು ಗಂಟೆ ಆದಮೇಲೆ ಕಾಲು ಹಾಗೆಲ್ಲ ಮಾತು ಕೇಳಲ್ಲ, ಮಧ್ಯಾಹ್ನದ ಸೆಕೆ ಬೇರೆ. ಹತ್ತರಲ್ಲಿ ಒಂದು ಪಾಲು ಕಳೆದು ಮುಂದಿನ 12 ಗಂಟೆ ಓಟಕ್ಕೆ 75 ಕಿ.ಮೀ. ಅಂತ ಇಟ್ಟುಕೊಂಡಿದ್ದೇನೆ. ಸುತ್ತಿಗೆ 3 ನಿಮಿಷ 50 ಸೆಕೆಂಡ್. ಅದನ್ನೇ ಪೆನ್ನಿನಲ್ಲಿ ಕೈಮೇಲೆ ಬರೆದುಕೊಂಡು ಹೋಗುತ್ತೇನೆ.