ಊದಿದ ಉಸಿರಿನಲ್ಲಿ ಉರಿಯೂತದ ಲೆಕ್ಕ

ಸ್ಪೈರೋಮೆಟ್ರಿ ಪರೀಕ್ಷೆಯು ಶ್ವಾಸಕೋಶದಿಂದ ಗಾಳಿ ಎಷ್ಟು ವೇಗವಾಗಿ ಹೊರಬರುತ್ತದೆ ಎಂಬುದನ್ನು ತಿಳಿಸುತ್ತದೆಯೇ ಹೊರತು, ದಾರಿ ಕಟ್ಟಿಕೊಂಡಿರುವುದು ಈಗಿನ ಉರಿಯೂತದಿಂದಲೋ ಹಿಂದೆಂದೋ ಆದ ಹಾನಿಯಿಂದಲೋ ಎಂಬುದನ್ನು ತಿಳಿಸುವುದಿಲ್ಲ. ಅದನ್ನು ಅರಿಯಲು ಬ್ರಾಂಕೋಸ್ಕೋಪ್ ಎಂಬ ದರ್ಶಕ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸಿ ಅಂಗಾಂಶದ ಚೂರು ತೆಗೆಯಬೇಕಿತ್ತು, ಇಲ್ಲವೇ ಉಪ್ಪುನೀರಿನ ಹಬೆ ಕೊಟ್ಟು ಕೆಮ್ಮಿಸಿ ಕಫದಲ್ಲಿನ ಜೀವಕೋಶಗಳನ್ನು ಎಣಿಸಬೇಕಿತ್ತು.

1991ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು ಮೊಲ, ಗಿನಿಯಿಲಿ ಮತ್ತು ಮನುಷ್ಯರ ನಿಶ್ವಾಸದಲ್ಲಿ ನೈಟ್ರಿಕ್ ಆಕ್ಸೈಡ್ ಇರುವುದನ್ನು ಗುರುತಿಸಿದರು. ವಾಹನಗಳ ಹೊಗೆಯ ಮಾಲಿನ್ಯವೆಂದೇ ಹೆಸರಾಗಿದ್ದ ಅನಿಲವಿದು. ಅಸ್ತಮಾ ರೋಗಿಗಳಲ್ಲಿ ಇದರ ಪ್ರಮಾಣ ಹೆಚ್ಚಿರುತ್ತದೆ ಎಂಬುದು 1993ರಲ್ಲಿ ಪ್ರಕಟವಾಯಿತು. ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಸೇರುವ ಬಗೆಯ ಉರಿಯೂತದಲ್ಲಿ ಇಂಟರ್‌ಲ್ಯೂಕಿನ್-13 ಎಂಬ ಸಂದೇಶವಾಹಕವು ಶ್ವಾಸನಾಳದ ಒಳಪದರವನ್ನು ಪ್ರಚೋದಿಸಿ ಈ ಅನಿಲವನ್ನು ಹೆಚ್ಚಾಗಿ ತಯಾರಿಸುವಂತೆ ಮಾಡುತ್ತದೆ. ಸ್ಟೀರಾಯ್ಡ್ ಇನ್ಹೇಲರ್ ಸರಿಯಾಗಿ ಬಳಸಿದರೆ ಅದು ಇಳಿಯುತ್ತದೆ.

ಆದರೆ ಆರಂಭದಲ್ಲಿ ಒಂದು ಪ್ರಯೋಗಾಲಯದ ಅಂಕಿಗೂ ಇನ್ನೊಂದರದಕ್ಕೂ ತಾಳೆಯಾಗುತ್ತಿರಲಿಲ್ಲ. ಅನಿಲವು ನಾಳದ ಗೋಡೆಯಿಂದ ಹಾದುಹೋಗುವ ಗಾಳಿಗೆ ಜಿನುಗುವುದರಿಂದ, ನಿಧಾನವಾಗಿ ಊದಿದವರಲ್ಲಿ ಅಂಕಿ ಏರುತ್ತದೆ, ರಭಸದಿಂದ ಊದಿದವರಲ್ಲಿ ಇಳಿಯುತ್ತದೆ. ಸಾಲದ್ದಕ್ಕೆ ಮೂಗಿನಲ್ಲಿ ಈ ಅನಿಲ ಬಹುಪಟ್ಟು ಹೆಚ್ಚಿದ್ದು, ಅದೂ ಬೆರೆತುಬಿಡುತ್ತದೆ. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ತಿರುವು ಅನಿಲದ ಪತ್ತೆಗಿಂತ ಹೆಚ್ಚಾಗಿ ಊದುವ ವೇಗವನ್ನು ಕಟ್ಟಿಹಾಕಿದ್ದರಲ್ಲಿದೆ. ಅಮೆರಿಕ ಮತ್ತು ಯುರೋಪಿನ ಶ್ವಾಸಕೋಶ ತಜ್ಞರ ಸಂಘಗಳು 2005ರಲ್ಲಿ ಸೆಕೆಂಡಿಗೆ 50 ಮಿಲಿಲೀಟರ್ ವೇಗವನ್ನು ಮಾನದಂಡವಾಗಿ ನಿಗದಿಪಡಿಸಿದವು. ರೋಗಿಯು ನೈಟ್ರಿಕ್ ಆಕ್ಸೈಡ್ ಇಲ್ಲದ ಗಾಳಿಯನ್ನು ಎಳೆದುಕೊಂಡು, ಪರದೆಯ ಮೇಲಿನ ಗುರುತು ಮಿತಿ ದಾಟದಂತೆ ನೋಡಿಕೊಳ್ಳುತ್ತ, ಸುಮಾರು ಹತ್ತು ಸೆಕೆಂಡು ಒಂದೇ ಸಮನೆ ಊದಬೇಕು. ಕೊಳವೆಯ ಪ್ರತಿರೋಧಕ್ಕೆ ಎದುರಾಗಿ ಊದುವಾಗ ಬಾಯಿಯ ಹಿಂಭಾಗದ ಮೃದು ಅಂಗುಳವು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ.

2011ರ ಅಮೆರಿಕದ ಮಾರ್ಗಸೂಚಿಯಂತೆ ವಯಸ್ಕರಲ್ಲಿ ನೂರು ಕೋಟಿಗೆ 25 ಭಾಗಕ್ಕಿಂತ ಕಡಿಮೆಯಿದ್ದರೆ ಇಯೋಸಿನೊಫಿಲ್ ಉರಿಯೂತದ ಸಾಧ್ಯತೆ ಕಡಿಮೆ, 50 ಮೀರಿದರೆ ಹೆಚ್ಚು. ಮಕ್ಕಳಿಗೆ ಈ ಗಡಿಗಳು 20 ಮತ್ತು 35. ನೈಟ್ರೇಟ್ ಹೆಚ್ಚಿರುವ ಸೊಪ್ಪು ತಿಂದು ಬಂದವರಲ್ಲಿ ಅಂಕಿ ಏರಬಹುದು, ಧೂಮಪಾನಿಗಳಲ್ಲಿ ಇಳಿದಿರುತ್ತದೆ.

ಶ್ವಾಸದ ದಾರಿ ದೀರ್ಘಕಾಲ ಕಿರಿದಾಗಿಯೇ ಉಳಿಯುವ ಸಿಒಪಿಡಿ ಕಾಯಿಲೆಯಲ್ಲಿ ಈ ಪರೀಕ್ಷೆ ಎಡವುತ್ತದೆ. ಆ ಕಾಯಿಲೆಯಲ್ಲಿ ಹೆಚ್ಚಿನವರ ಉರಿಯೂತ ನ್ಯೂಟ್ರೊಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳದ್ದಾಗಿದ್ದು, ಮೆಟ್ಟಿಲು ಹತ್ತಲಾಗದಷ್ಟು ಏದುಸಿರಿರುವ ರೋಗಿಯಲ್ಲೂ ಅಂಕಿ ಸಾಮಾನ್ಯವಾಗಿಯೇ ಇರಬಹುದು. ಇಯೋಸಿನೊಫಿಲ್ ಅಂಶವಿರುವ ಕೆಲವರಲ್ಲಿ ಮಾತ್ರ, ಅದೂ ರಕ್ತಪರೀಕ್ಷೆಯ ಜೊತೆಗಿಟ್ಟು ನೋಡಿದಾಗ, ಸ್ಟೀರಾಯ್ಡ್ ಫಲಿಸೀತೇ ಎಂಬುದಕ್ಕೆ ಒಂದಿಷ್ಟು ಸುಳಿವು ಸಿಗುತ್ತದೆ. ಉಸಿರನ್ನು ತಣಿಸಿ ಹನಿಯಾಗಿಸಿ, ಅದರಲ್ಲಿ ಹೈಡ್ರೋಜನ್ ಪೆರಾಕ್ಸೈಡನ್ನು ಅಳೆಯುವ ಇನ್ನೊಂದು ದಾರಿಯೂ ಇದೆಯಾದರೂ, ಆ ಹನಿಯ ಬಹುಪಾಲು ಬರೀ ನೀರಾವಿಯೇ ಆಗಿರುವುದರಿಂದ ಅಳೆಯಬೇಕಾದ ವಸ್ತು ತೀರಾ ತೆಳುವಾಗಿಬಿಡುತ್ತದೆ. ಹಾಗಾಗಿ ಅದು ಹೆಚ್ಚಾಗಿ ಸಂಶೋಧನಾಲಯಗಳಲ್ಲೇ ಉಳಿದಿದೆ.