ಮಿದುಳಿನ ಕಸರತ್ತು ಮತ್ತು ಒತ್ತಕ್ಷರ

ನಮ್ಮಕ್ಕನ ಮಗನಿಗೆ ಒಂಬತ್ತು ವರ್ಷ. ನೆನಪಿನ ಆಟದಲ್ಲಿ ಅವನನ್ನು ಸೋಲಿಸುವವರು ಮನೆಯಲ್ಲಿ ಯಾರೂ ಇಲ್ಲ. ಪರದೆಯ ಮೇಲೆ ಹದಿನಾರು ಚೌಕ ಇರುತ್ತವೆ, ಒಂದೊಂದಾಗಿ ಮಿನುಗುತ್ತವೆ. ಯಾವುದಾದ ಮೇಲೆ ಯಾವುದು ಅಂತ ಅವನು ಹಿಂದಿನಿಂದ ಮುಂದಕ್ಕೂ ಹೇಳಬಲ್ಲ. ಅದೇ ಹುಡುಗನಿಗೆ 'ಅಪ್ಪ' ಅಂತ ಬರಿ ಅಂದರೆ ಮೊದಲು 'ಅಪ' ಅಂತ ಬರೆಯುತ್ತಾನೆ. ಏನೋ ಸಾಲದು ಅನ್ನಿಸಿ ಸ್ವಲ್ಪ ಹೊತ್ತು ನೋಡುತ್ತಾನೆ. ಆಮೇಲೆ ಪಕ್ಕದಲ್ಲಿ ಇನ್ನೊಂದು 'ಪ' ಇಡುತ್ತಾನೆ. 'ಅಪಪ.' ಒಂದು ಲೆಕ್ಕದಲ್ಲಿ ಅವನು ಹೇಳುವುದು ಸರಿಯೇ. ಕಿವಿಗೆ ಎರಡು 'ಪ' ಕೇಳಿಸಿತು, ಎರಡು ಬರೆದ. ಒಂದು ಕೆಳಗೆ ಹೋಗಬೇಕು ಅನ್ನುವುದೇ ಅವನಿಗೆ ನಿಲ್ಲುವುದಿಲ್ಲ.

ಎರಡನೇ ಕ್ಲಾಸಿನಲ್ಲಿ ಟೀಚರ್ 'ಗಮನ ಇಲ್ಲ' ಅಂದರು. ಅಜ್ಜಿ 'ಎಲ್ಲಾ ಸರಿಹೋಗುತ್ತೆ, ಇವನ ಮಾವನೂ ಹೀಗೇ ಇದ್ದ' ಅಂದರು. ಮಾವ ಅಂದರೆ ನಾನು. ಅಕ್ಕ ಯಾರನ್ನೋ ಕೇಳಿಕೊಂಡು ಬೆಂಗಳೂರಿನ ದಕ್ಷಿಣ ಭಾಗದ ಒಂದು ಸೆಂಟರಿಗೆ ಸೇರಿಸಿದಳು. ಬೋರ್ಡಿನ ಮೇಲೆ 'ಬ್ರೇನ್ ಟ್ರೈನಿಂಗ್' ಅಂತಿತ್ತು. ವಾರಕ್ಕೆ ಮೂರು ಸೆಷನ್. ಕಂಪ್ಯೂಟರ್ ಆಟ, ಒಂಟಿ ಕಾಲಲ್ಲಿ ನಿಂತು ಚೆಂಡು ಹಿಡಿಯುವುದು, ಎಡಗೈಯಿಂದ ಬಲ ಮೊಣಕಾಲು ಮುಟ್ಟುವುದು. ತಿಂಗಳಿಗೊಮ್ಮೆ ಬಣ್ಣದ ಗ್ರಾಫ್ ಕೈಗೆ ಬರುತ್ತಿತ್ತು. ಗೆರೆ ಪ್ರತಿ ಸಲವೂ ಮೇಲಕ್ಕೇ ಹೋಗುತ್ತಿತ್ತು. ಒಂದೂವರೆ ವರ್ಷ ಆದ ಮೇಲೂ 'ಅಪಪ' ಅಲ್ಲೇ ಇತ್ತು.

ಗ್ರಾಫ್ ಸುಳ್ಳು ಹೇಳಿರಲಿಲ್ಲ. ಈ ಕತೆಯ ತೊಡಕು ಇರುವುದೇ ಅಲ್ಲಿ. ಅದನ್ನು ಬಿಡಿಸಲು ಸುಮಾರು 130 ವರ್ಷ ಹಿಂದಕ್ಕೆ ಹೋಗಬೇಕು.

1896ರಲ್ಲಿ ಇಂಗ್ಲೆಂಡಿನ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಒಂದು ಚಿಕ್ಕ ಲೇಖನ ಬರೆದರು. ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ. ಚುರುಕು ಹುಡುಗ. ಕಣ್ಣು ಚೆನ್ನಾಗಿದೆ. 749ನ್ನು 867ರಿಂದ ಗುಣಿಸು ಅಂದರೆ ಬೇಗ, ತಪ್ಪಿಲ್ಲದೆ ಮಾಡುತ್ತಾನೆ. ಆದರೆ ತನ್ನ ಹೆಸರನ್ನೇ ಅಕ್ಷರ ಹಿಂದುಮುಂದು ಮಾಡಿ 'ಪ್ರೆಸಿ' ಅಂತ ಬರೆಯುತ್ತಾನೆ, ತಪ್ಪಾಗಿದೆ ಅಂತ ಗೊತ್ತಾಗುವುದೂ ಇಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಇಡೀ ಶಾಲೆಯಲ್ಲಿ ಇವನೇ ಜಾಣ ಅಂತ ಅವನ ಮೇಷ್ಟ್ರು ಹೇಳಿದ್ದರು. ಓದು ಬರಹದ ಈ ತೊಡಕಿಗೆ ಇವತ್ತು ಹೇಳುವ ಡಿಸ್ಲೆಕ್ಸಿಯಾ ಅನ್ನುವ ಪದ ಅದಕ್ಕೂ ಮೊದಲೇ, 1887ರಲ್ಲಿ, ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ಅವರಿಂದ ಬಂದಿತ್ತು. ಆದರೆ ಅವರು ನೋಡಿದ್ದು ಮಿದುಳಿಗೆ ಪೆಟ್ಟಾದ ದೊಡ್ಡವರನ್ನು. ಪೆಟ್ಟಿಲ್ಲದೆ, ಕಾಯಿಲೆಯಿಲ್ಲದೆ, ಹುಟ್ಟಿನಿಂದಲೇ ಒಂದು ಮಗುವಿಗೆ ಹೀಗಿರಬಹುದು ಅಂತ ತೋರಿಸಿಕೊಟ್ಟದ್ದು ಪರ್ಸಿಯ ಕತೆ.

ಮುಂದೆ ಅಮೆರಿಕದಲ್ಲಿ ನರವೈದ್ಯ ಸ್ಯಾಮ್ಯುಯೆಲ್ ಆರ್ಟನ್, ಅವರ ಜೊತೆ ಕೆಲಸ ಮಾಡಿದ ಅನಾ ಗಿಲ್ಲಿಂಗ್‌ಹ್ಯಾಮ್ ಒಂದು ದಾರಿ ಹಾಕಿದರು. ಅಕ್ಷರ ನೋಡು, ಬಾಯಲ್ಲಿ ಹೇಳು, ಕೈಯಲ್ಲಿ ತೀಡು, ಮೂರೂ ಒಟ್ಟಿಗೆ. ಒಂದು ಗಟ್ಟಿಯಾಗುವ ತನಕ ಮುಂದಿನದಕ್ಕೆ ಹೋಗಬೇಡ. ಮರಳಿನಲ್ಲೋ ಅಕ್ಕಿಯಲ್ಲೋ ಬೆರಳಿಟ್ಟು ತೀಡಿಸುತ್ತಿದ್ದ ನಮ್ಮ ಹಳೇ ಮೇಷ್ಟ್ರುಗಳಿಗೆ ಇದು ಹೊಸದೇನಲ್ಲ ಅನ್ನಿ. 1963ರಲ್ಲಿ ಷಿಕಾಗೋದ ಪೋಷಕರ ಸಭೆಯೊಂದರಲ್ಲಿ ಸ್ಯಾಮ್ಯುಯೆಲ್ ಕರ್ಕ್ ಎಂಬ ಮನಶ್ಶಾಸ್ತ್ರಜ್ಞ 'ಲರ್ನಿಂಗ್ ಡಿಸೆಬಿಲಿಟಿ', ಅಂದರೆ ಕಲಿಕಾ ನ್ಯೂನತೆ, ಎಂಬ ಹೆಸರನ್ನು ಮುಂದಿಟ್ಟರು. ಇವತ್ತು ನಮ್ಮ ಶಾಲೆಗಳಲ್ಲಿ 'ಎಲ್‌ಡಿ ಮಗು' ಅನ್ನುತ್ತಾರಲ್ಲ, ಅದು ಬಂದದ್ದು ಅಲ್ಲಿಂದ.

ಅದೇ ಕಾಲಕ್ಕೆ ಇನ್ನೊಂದು ದಾರಿಯೂ ಒಡೆಯಿತು. ಅಕ್ಷರ ತೊಂದರೆಯಾಗಿ ಕಾಣಿಸುವುದು ಮೇಲ್ಮೇಲೆ. ಬೇರು ಕೆಳಗಿದೆ, ನೋಟದಲ್ಲೋ ನೆನಪಿನಲ್ಲೋ ದೇಹದ ಹಿಡಿತದಲ್ಲೋ. ಆ ಬೇರು ಸರಿಮಾಡಿದರೆ ಓದು ತಾನಾಗಿ ಬರುತ್ತದೆ ಅಂತ ಒಂದು ವಾದ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಅಕ್ಕನನ್ನು ಹಿಡಿದದ್ದೂ ಇದೇ ಮಾತು. 'ಅಕ್ಷರ ಆಮೇಲೆ ಮೇಡಂ, ಮೊದಲು ಫೌಂಡೇಶನ್' ಅಂದಿದ್ದರಂತೆ ಸೆಂಟರಿನವರು.

ಈ ದಾರಿಯ ಮೊದಲ ದೊಡ್ಡ ಅಂಗಡಿ ಫಿಲಡೆಲ್ಫಿಯಾದ ಡೋಮನ್ ಮತ್ತು ಡೆಲಕಾಟೊ ಅವರದು. ಮಗು ಅಂಬೆಗಾಲಿಡುವ ಹಂತವನ್ನು ಸರಿಯಾಗಿ ದಾಟಿಲ್ಲ, ಮತ್ತೆ ತೆವಳಿಸಿ, ಮಿದುಳು ತಾನೇ ಜೋಡಣೆಯಾಗುತ್ತದೆ ಅಂದರು. ಶಾಲೆಗೆ ಹೋಗುವ ಮಕ್ಕಳು ನೆಲದ ಮೇಲೆ ತೆವಳಿದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇದಕ್ಕೆ ಆಧಾರವಿಲ್ಲ ಅಂತ 1982ರಲ್ಲಿ ಹೇಳಿತು, 1999ರಲ್ಲಿ ಮತ್ತೆ ಹೇಳಬೇಕಾಯಿತು. ಎಡಗೈ, ಬಲ ಮೊಣಕಾಲಿನ ಕಸರತ್ತು ಬಂದದ್ದು 1980ರ ದಶಕದ 'ಬ್ರೇನ್ ಜಿಮ್'ನಿಂದ. ಅದರ ಬಗ್ಗೆ ಜಾಸ್ತಿ ಹೇಳುವಂಥದ್ದೇನೂ ಇಲ್ಲ. ಮಕ್ಕಳಿಗೆ ಮೈ ಬಿಸಿಯಾಗುತ್ತದೆ, ಒಳ್ಳೆಯದೇ.

ಆದರೆ ಎಲ್ಲವನ್ನೂ ಹೀಗೆ ತಳ್ಳಿಹಾಕಿದರೆ ತಪ್ಪಾಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ರೋಸೆನ್‌ಜ್ವೈಗ್ ಮತ್ತು ಸಂಗಡಿಗರು ಇಲಿಗಳ ಮೇಲೆ ಪ್ರಯೋಗ ಮಾಡಿದ್ದರು. ಆಟಿಕೆ, ಜೊತೆಗಾರರು ಇರುವ ಗೂಡಿನಲ್ಲಿ ಬೆಳೆದ ಇಲಿಯ ಮಿದುಳಿನ ಹೊರಪದರ ಒಂಟಿ ಇಲಿಯದಕ್ಕಿಂತ ಹೆಚ್ಚು ತೂಗುತ್ತಿತ್ತು. ಅಂದರೆ ಅನುಭವದಿಂದ ಮಿದುಳು ಬದಲಾಗುತ್ತದೆ. ಕೆನಡಾದ ಬಾರ್ಬರಾ ಆರೋಸ್ಮಿತ್ ಯಂಗ್ ಇದನ್ನು ಓದಿ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. ಗಡಿಯಾರದ ಮುಳ್ಳು ನೋಡಿದರೆ ಅವರಿಗೆ ಗಂಟೆ ಎಷ್ಟು ಅಂತ ಅರ್ಥವಾಗುತ್ತಿರಲಿಲ್ಲ. ದಿನಗಟ್ಟಲೆ ಗಡಿಯಾರದ ಚಿತ್ರದ ಕಾರ್ಡುಗಳನ್ನು ಓದಿ ಓದಿ ಅದನ್ನು ಕಲಿತರು. ಟೊರಾಂಟೊದಲ್ಲಿ ಇದೇ ಬಗೆಯ ಅಭ್ಯಾಸಗಳ ಶಾಲೆಯನ್ನೂ ತೆರೆದರು.

1996ರಲ್ಲಿ ದೊಡ್ಡ ಸುದ್ದಿಯಾಯಿತು. ಮೈಕಲ್ ಮರ್ಜೆನಿಕ್, ಪೌಲಾ ಟಲಾಲ್ ಮತ್ತು ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ಎರಡು ಪ್ರಬಂಧ ಪ್ರಕಟಿಸಿದರು. 'ಬ' ಮತ್ತು 'ದ' ಸದ್ದುಗಳ ನಡುವಿನ ವ್ಯತ್ಯಾಸ ಇರುವುದು ಮೊದಲ 40 ಮಿಲಿಸೆಕೆಂಡಿನಷ್ಟು ಚೂರಿನಲ್ಲಿ. ಕೆಲವು ಮಕ್ಕಳ ಕಿವಿಗೆ ಅಷ್ಟು ವೇಗ ಹಿಡಿಸುವುದಿಲ್ಲ ಅನ್ನುವುದು ಅವರ ಊಹೆ. ಹಾಗಾಗಿ ಸದ್ದನ್ನು ಹಿಗ್ಗಿಸಿ, ಕಂಪ್ಯೂಟರ್ ಆಟವಾಗಿ ಮಾಡಿ, ನಾಲ್ಕು ವಾರ ಆಡಿಸಿದರು. ಮಕ್ಕಳು ತುಂಬಾ ಸುಧಾರಿಸಿದರು ಅಂತ ವರದಿ ಬಂತು. ಅದೇ ವರ್ಷ ಕಂಪನಿ ಹುಟ್ಟಿತು, ಆಟಕ್ಕೆ ಫಾಸ್ಟ್ ಫಾರ್‌ವರ್ಡ್ ಅಂತ ಹೆಸರಿಟ್ಟರು. ಸ್ವೀಡನ್ನಿನಲ್ಲಿ ಟೋರ್ಕೆಲ್ ಕ್ಲಿಂಗ್‌ಬರ್ಗ್ ಕೆಲಸದ ನೆನಪಿನ ಮೇಲೆ ಹೊರಟರು. ಫೋನ್ ನಂಬರ್ ಕೇಳಿಸಿಕೊಂಡು ಬರೆದುಕೊಳ್ಳುವ ತನಕ ತಲೆಯಲ್ಲಿ ಹಿಡಿದಿಡುತ್ತೇವಲ್ಲ, ಆ ನೆನಪು. 2002ರಲ್ಲಿ ಅವರ ಮೊದಲ ಪ್ರಯೋಗದ ವರದಿ ಬಂತು. ಆ ಕೆಲಸದಿಂದಲೇ ಹುಟ್ಟಿದ ಕಂಪ್ಯೂಟರ್ ತರಬೇತಿ ಕಾಗ್‌ಮೆಡ್. ಮಿನುಗುವ ಚೌಕಗಳ ಆಟಗಳಿಗೆಲ್ಲ ಅದು ಹತ್ತಿರದ ನೆಂಟ.

ಮೊದಲ ಪ್ರಯೋಗಗಳೆಲ್ಲ ಚಿಕ್ಕವು. ಹಲವು ಸಲ ಆಟ ಮಾಡಿದವರೇ ಪರೀಕ್ಷೆಯನ್ನೂ ಮಾಡುತ್ತಿದ್ದರು. ಆಮೇಲೆ ಬೇರೆಯವರು ಎಲ್ಲವನ್ನೂ ಒಟ್ಟುಹಾಕಿ ತೂಗಿ ನೋಡಿದರು. 2011ರಲ್ಲಿ ಫಾಸ್ಟ್ ಫಾರ್‌ವರ್ಡ್ ಬಗ್ಗೆ ಅಂಥ ವಿಮರ್ಶೆ ಬಂತು: ಓದಿಗೂ ಮಾತಿಗೂ ಇದರಿಂದ ಉಪಯೋಗವಾಗುತ್ತದೆ ಅನ್ನಲು ಪುರಾವೆ ಇಲ್ಲ. 2013ರಲ್ಲಿ ಮೋನಿಕಾ ಮೆಲ್ಬಿ-ಲೆರ್ವಾಗ್ ಮತ್ತು ಚಾರ್ಲ್ಸ್ ಹ್ಯೂಮ್ ನೆನಪಿನ ತರಬೇತಿಯ 23 ಅಧ್ಯಯನಗಳನ್ನು ನೋಡಿದರು. ತರಬೇತಿ ಪಡೆದವರು ಆ ಆಟದಂಥದ್ದೇ ಇನ್ನೊಂದು ಆಟದಲ್ಲಿ ಚುರುಕಾಗುತ್ತಾರೆ. ಓದಿಗೆ, ಲೆಕ್ಕಕ್ಕೆ ಅದು ದಾಟುವುದಿಲ್ಲ. ಅಕ್ಕನ ಗ್ರಾಫ್ ಅಳೆದದ್ದು ಆಟವನ್ನು. ಆಟದಲ್ಲಿ ಹುಡುಗ ನಿಜಕ್ಕೂ ಮೇಲೆ ಹೋಗಿದ್ದ.

ಜಾಹೀರಾತು ಮಿತಿಮೀರಿದಾಗ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೈಹಾಕಿತು. 2016ರಲ್ಲಿ ಮಿದುಳಿನ ಆಟಗಳನ್ನು ಮಾರುವ ಲೂಮೋಸಿಟಿ 20 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಅದೇ ವರ್ಷ ಬ್ರೇನ್ ಟ್ರೈನಿಂಗ್ ಸೆಂಟರುಗಳ ಕಂಪನಿ ಲರ್ನಿಂಗ್‌ಆರ್‌ಎಕ್ಸ್ 2 ಲಕ್ಷ ಡಾಲರ್ ಕಟ್ಟಲು ಒಪ್ಪಿತು.

ನಮ್ಮಲ್ಲಿ ಆ ಹೊತ್ತಿಗೆ ಇನ್ನೊಂದು ಜಾತ್ರೆ ನಡೆದಿತ್ತು. ಮಿಡ್‌ಬ್ರೇನ್ ಆಕ್ಟಿವೇಶನ್, ಅಂದರೆ ನಡುಮಿದುಳನ್ನು ಎಬ್ಬಿಸುತ್ತೇವೆ ಅನ್ನುವ ತರಬೇತಿ. ಕಣ್ಣಿಗೆ ಪಟ್ಟಿ ಕಟ್ಟಿದ ಮಗು ಪೇಪರ್ ಓದುತ್ತದೆ, ಬಣ್ಣ ಹೇಳುತ್ತದೆ. ಕಲ್ಯಾಣಮಂಟಪದಲ್ಲಿ ಪ್ರದರ್ಶನ, ಆಮೇಲೆ ಸಾವಿರಗಟ್ಟಲೆ ಫೀಸು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದರ ಹಿಂದೆ ಬಿದ್ದರು. ಮಗು ಓದುವುದು ಮೂಗಿನ ಪಕ್ಕದ ಸಂದಿಯಿಂದ ಇಣುಕಿ ಅಂತ ಊರೂರಲ್ಲಿ ತೋರಿಸಿಕೊಟ್ಟರು. ಅಕ್ಷರ ಕೂಡದ ಮಗುವಿನ ಅಪ್ಪ ಅಮ್ಮ ಇಂಥ ಕಡೆ ಸಾಲಿನಲ್ಲಿ ಮೊದಲು ನಿಲ್ಲುತ್ತಾರೆ. ಅವರನ್ನು ನೋಡಿ ನಗುವುದು ಸುಲಭ. ಅವರ ಮುಂದೆ ಬೇರೆ ಏನಿತ್ತು ಅಂತಲೂ ಕೇಳಬೇಕು.

ತೀರಾ ಏನೂ ಇರಲಿಲ್ಲ ಅಂತಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಾಳವಿಕಾ ಕಪೂರ್ ಮತ್ತು ಸಹೋದ್ಯೋಗಿಗಳು 1990ರ ದಶಕದ ಹೊತ್ತಿಗೇ ಕಲಿಕಾ ನ್ಯೂನತೆ ಅಳೆಯುವ ಪರೀಕ್ಷೆಗಳ ಕಟ್ಟು ಮಾಡಿದ್ದರು. ಗಮನ, ಓದು, ಕಾಗುಣಿತ, ಬರವಣಿಗೆ, ಲೆಕ್ಕ, ನೆನಪು. ಇವತ್ತಿಗೂ ದೇಶದ ಉದ್ದಗಲಕ್ಕೆ ಅದನ್ನೇ ಬಳಸುತ್ತಾರೆ. ಆದರೆ ಕಾನೂನಿಗೆ ಈ ಮಕ್ಕಳು ಕಾಣಿಸಿದ್ದು ತಡವಾಗಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ನ್ಯೂನತೆಗಳಿದ್ದವು, ಕಲಿಕಾ ನ್ಯೂನತೆ ಅದರಲ್ಲಿರಲಿಲ್ಲ. 2016ರ ಕಾಯ್ದೆಯ 21ರ ಪಟ್ಟಿಗೆ ಅದು ಸೇರಿತು. 2018ರ ಮಾರ್ಗಸೂಚಿ ನಿಮ್ಹಾನ್ಸ್ ಪರೀಕ್ಷೆಯನ್ನೇ ಆರಿಸಿಕೊಂಡಿತು. ಅದರ ಪ್ರಕಾರ ಮೊದಲ ಸರ್ಟಿಫಿಕೇಟ್ ಎಂಟನೇ ವಯಸ್ಸಿಗೆ, ಆಮೇಲೆ 14ಕ್ಕೆ, 18ಕ್ಕೆ ಮತ್ತೆ ಪರೀಕ್ಷೆ.

ಸರ್ಟಿಫಿಕೇಟ್ ಬಂದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ, ಬರೆದುಕೊಡುವವರು ಸಿಗುತ್ತಾರೆ. ಆದರೆ ಅಕ್ಷರ ಕಲಿಸುವವರು ಅದರ ಜೊತೆ ಬರುವುದಿಲ್ಲ. ಸ್ಪೆಷಲ್ ಎಜುಕೇಟರ್ ಇರುವ ಶಾಲೆಯಲ್ಲೂ ಪಾಠ ಬಹುಪಾಲು ಇಂಗ್ಲಿಷಿನದು, ಪುಸ್ತಕ ಇಂಗ್ಲಿಷಿನದು, ವಿಧಾನ ಆರ್ಟನ್ ಕಾಲದ್ದು. ಕನ್ನಡದ ಕಷ್ಟ ಬೇರೆ ರೀತಿಯದು.

ಇಂಗ್ಲಿಷಿನಲ್ಲಿ ಅಕ್ಷರ 26, ಅವುಗಳ ನಡತೆ ಮಾತ್ರ ದೇವರಿಗೇ ಪ್ರೀತಿ. ಕನ್ನಡ ಬರೆದಂತೆ ಓದುವ ಭಾಷೆ. ಆದರೆ ಕಾಗುಣಿತ, ಒತ್ತು ಎಲ್ಲ ಸೇರಿ ಮಗು ಗುರುತು ಹಿಡಿಯಬೇಕಾದ ರೂಪಗಳು ನಾನೂರು ದಾಟುತ್ತವೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೊನಾಲಿ ನಾಗ್ ಕನ್ನಡ ಮಕ್ಕಳ ಓದಿನ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಕನ್ನಡದ ಅಕ್ಷರ ಕೈವಶವಾಗಲು ಎಲ್ಲಾ ಮಕ್ಕಳಿಗೂ ಪ್ರಾಥಮಿಕ ಶಾಲೆಯ ಹಲವು ವರ್ಷ ಬೇಕು ಅಂತ ಅವರ 2007ರ ಪ್ರಬಂಧ ತೋರಿಸಿತು. 'ಮ-ರ' ಅಂತ ಎರಡು ತುಂಡು ಮಾಡುವುದು ಮಗುವಿಗೆ ಬೇಗ ಬರುತ್ತದೆ. 'ಮ'ದೊಳಗೆ 'ಮ್' ಬೇರೆ, 'ಅ' ಬೇರೆ ಅನ್ನುವುದು ನಿಧಾನವಾಗಿ ಬರುತ್ತದೆ. ಒತ್ತಕ್ಷರಕ್ಕೆ ಬೇಕಾದದ್ದು ಅದೇ. ಸಾಮಾನ್ಯ ಮಕ್ಕಳಿಗೇ ಇಷ್ಟು ಸಮಯ ಹಿಡಿಯುವಾಗ ಡಿಸ್ಲೆಕ್ಸಿಯಾ ಇರುವ ಮಗುವನ್ನು 'ಇನ್ನೂ ಬರುತ್ತೆ ಬಿಡಿ' ಅಂತ ಮುಂದೂಡುವುದು ಎಷ್ಟು ಸುಲಭ ನೋಡಿ. 2015ರಲ್ಲಿ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಿಂದ ಡಿಸ್ಲೆಕ್ಸಿಯಾ ಗುರುತಿಸುವ ಡಾಲಿ ಎಂಬ ಪರೀಕ್ಷೆ ಬಂತು. ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ ಇದೆ. ಮಗುವನ್ನು ಅದರ ಭಾಷೆಯಲ್ಲೇ ಪರೀಕ್ಷಿಸಬಹುದು ಅನ್ನುವುದೇ ದೊಡ್ಡ ಹೆಜ್ಜೆ.

ಹಾಗಾದರೆ ಮಿದುಳಿಗೆ ತರಬೇತಿ ಕೊಡುವುದೇ ಸುಳ್ಳಾ? ಇಲ್ಲ. 2009ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕೆಲರ್ ಮತ್ತು ಜಸ್ಟ್ 8ರಿಂದ 10 ವರ್ಷದ, ಓದು ಹಿಂದಿದ್ದ ಮಕ್ಕಳ ಮಿದುಳನ್ನು ಸ್ಕ್ಯಾನ್ ಮಾಡಿದರು. 100 ಗಂಟೆ ಪಾಠವಾದ ಮೇಲೆ ಮತ್ತೆ ಮಾಡಿದರು. ಮಿದುಳಿನ ಭಾಗಗಳನ್ನು ಜೋಡಿಸುವ ಬಿಳಿ ನರತಂತುಗಳು ಮುಂಚಿಗಿಂತ ಗಟ್ಟಿಯಾಗಿದ್ದವು. ಆ 100 ಗಂಟೆಯಲ್ಲಿ ಮಕ್ಕಳು ಚೌಕ ಹುಡುಕಿರಲಿಲ್ಲ, ಚೆಂಡು ಹಿಡಿದಿರಲಿಲ್ಲ. ಓದಿನ ಪಾಠವನ್ನೇ ಮಾಡಿದ್ದರು. ಪುರಿಯಲ್ಲಿ ಹುಟ್ಟಿ ಕೆನಡಾದ ಆಲ್ಬರ್ಟಾದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಜೆ.ಪಿ. ದಾಸ್ ಅವರ ಪ್ರೆಪ್ ಎಂಬ ಕಾರ್ಯಕ್ರಮದಲ್ಲೂ ಗಮನಿಸಬೇಕಾದ್ದು ಇದೇ. ಅದರಲ್ಲಿ ಆಕಾರ ಜೋಡಿಸುವ, ಕ್ರಮ ನೆನಪಿಡುವ ಆಟಗಳಿವೆ. ಆದರೆ ಪ್ರತಿ ಆಟಕ್ಕೂ ಅಕ್ಷರ, ಪದದ ಜೊತೆಗಿನ ಒಂದು ಜೋಡಿ ಆಟ ಇದೆ. ಬರೀ ಆಟದಿಂದ ಓದಿಗೆ ಸೇತುವೆ ತಾನಾಗಿ ಆಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಈಗ ಅಕ್ಕ ಸೆಂಟರ್ ಬಿಡಿಸಿದ್ದಾಳೆ. ಪಕ್ಕದ ಬೀದಿಯ ರಿಟೈರ್ಡ್ ಟೀಚರ್ ಒಬ್ಬರು ವಾರಕ್ಕೆ ನಾಲ್ಕು ದಿನ ಬರುತ್ತಾರೆ. ತಟ್ಟೆಯಲ್ಲಿ ರಂಗೋಲಿ ಪುಡಿ ಹರಡಿ ಬರೆಸುತ್ತಾರೆ. 'ಅಪ್' ಅಂದಾಗ ಚಪ್ಪಾಳೆ, ತುಟಿ ಮುಚ್ಚಿಕೊಂಡೇ ಒಂದು ಕ್ಷಣ ನಿಲ್ಲು, ಆಮೇಲೆ 'ಪ'. ನಿಂತೆಯಲ್ಲ, ಅಲ್ಲೊಂದು ಒತ್ತು ಇದೆ, ಅದನ್ನು ಕೆಳಗೆ ಬರಿ. ಒಂದು ವಾರಕ್ಕೆ ಒಂದೇ ಒತ್ತು. ನೋಡುವವರಿಗೆ ಬೇಜಾರಾಗುವಷ್ಟು ನಿಧಾನ. ಗ್ರಾಫ್ ಇಲ್ಲ.

ಈ ನಡುವೆ ಶಾಲೆಯಿಂದ ಒಂದು ಸಲಹೆ ಬಂದಿದೆ. ಸರ್ಟಿಫಿಕೇಟ್ ಆದರೆ ಒಂದು ಭಾಷೆಯಿಂದ ವಿನಾಯಿತಿ ಕೇಳಬಹುದು, ಕನ್ನಡ ಬಿಡಿಸಿಬಿಡಿ, ಮಗುವಿಗೆ ಹೊರೆ ಕಮ್ಮಿಯಾಗುತ್ತೆ. ನಿಯಮದಲ್ಲಿ ಅವಕಾಶ ಇದೆ, ಎಷ್ಟೋ ಮಕ್ಕಳಿಗೆ ಅದರಿಂದ ನೆಮ್ಮದಿಯೂ ಆಗಿದೆ. ಅಕ್ಕ ಇನ್ನೂ ಉತ್ತರ ಕೊಟ್ಟಿಲ್ಲ. ಹುಡುಗ ಮೊನ್ನೆ ಬಸ್ ಸ್ಟಾಪಿನಲ್ಲಿ 'ಮಾರುಕಟ್ಟೆ' ಅಂತ ಬೋರ್ಡ್ ಓದಿದನಂತೆ, ಚಪ್ಪಾಳೆ ತಟ್ಟಿಕೊಂಡು. ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು.